ಸೂಜಿ ಯಾರ ಕೈಯಲ್ಲಿತ್ತು?

ಕಸೂತಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ರಾಣಿಯರ ಸೆರಗು ಹಿಡಿದೇ ಹೊರಡುತ್ತಾರೆ. ಇಳಕಲ್ ಸೀರೆಯ ಮೇಲಿನ ಗೋಪುರ, ತೇರು, ಆನೆಗಳನ್ನು ಎಣಿಸುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂಥಿ ಅಂತ ಹೊಲಿಗೆಯ ಹೆಸರು ಹೇಳುತ್ತಾರೆ. ಎಳೆ ಎಣಿಸಿ ಎಣಿಸಿ ಕಣ್ಣು ಕಳಕೊಂಡ ಹೆಂಗಸಿಗೆ ಸಿಕ್ಕ ಕೂಲಿ ಎಷ್ಟು ಅಂತ ಮಾತ್ರ ಯಾರೂ ಕೇಳೋದಿಲ್ಲ. ನಾವು ಹಳಿಯಾಳ, ಮುಂಡಗೋಡ ಕಡೆಯಿಂದ ಶುರು ಮಾಡೋಣ. ಸೆರಗಿನಿಂದಲ್ಲ, ಸೆರಗು ಹರಿದ ಮೇಲೆ ಉಳಿಯುವ ಚಿಂದಿಯಿಂದ.

ಅದಕ್ಕೆ ಮೊದಲು ಒಮ್ಮೆ ಗೋವೆಗೆ ಹೋಗಿ ಬರಬೇಕು. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದರು. ಆಫ್ರಿಕಾದ ಪೂರ್ವ ಕರಾವಳಿಯಿಂದ ಹಡಗಿನಲ್ಲಿ ಮನುಷ್ಯರನ್ನು ತಂದು ಮಾರಿದರು. 1583ರಿಂದ 1588ರವರೆಗೆ ಅಲ್ಲಿದ್ದ ಲಿನ್‌ಸ್ಕೋಟೆನ್ ಎಂಬ ಡಚ್ಚರವನು ಒಂದು ಸಂಗತಿ ಬರೆದಿಟ್ಟಿದ್ದಾನೆ. ಗುಲಾಮ ಹೆಂಗಸರು ಹಣ್ಣಿನ ಸಿಹಿತಿಂಡಿ ಮಾಡುತ್ತಿದ್ದರು, ನಯವಾದ ಸೂಜಿಕೆಲಸ ಮಾಡುತ್ತಿದ್ದರು. ಅವರಲ್ಲಿ ಚಿಕ್ಕ ವಯಸ್ಸಿನವರನ್ನು ಒಡೆಯರು ಸಿಂಗರಿಸಿ ಬೀದಿಗೆ ಮಾರಾಟಕ್ಕೆ ಕಳಿಸುತ್ತಿದ್ದರು. ಆ ಸೂಜಿಕೆಲಸದಲ್ಲಿ ಬಟ್ಟೆ ಕತ್ತರಿಸಿ ತೂತಿನ ಅಂಚಿಗೆ ದಾರ ಹೆಣೆಯುವ ಕಸುಬೂ ಇತ್ತು. ಯುರೋಪಿನ ದೊರೆಗಳು ಕುತ್ತಿಗೆಗೆ ಸುತ್ತಿಕೊಂಡ ಲೇಸು ಹುಟ್ಟಿದ್ದು ಇದೇ ಕಸುಬಿನಿಂದ. 1608ರ ಹೊತ್ತಿಗೆ ಬಂದ ಪಿರಾರ್ ಎಂಬ ಫ್ರೆಂಚರವನು ಗೋವೆಯ ಗುಲಾಮರ ಸಂತೆಯನ್ನೇ ಕಂಡ. ಮಾರಾಟಕ್ಕಿಟ್ಟ ಹುಡುಗಿಯರಿಗೆ ಕಸೂತಿ ಬರುತ್ತದೆ, ಹೊಲಿಗೆ ಬರುತ್ತದೆ ಎಂದು ಬರೆದ. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಅಂತ ಸಂತೆಯಲ್ಲಿ ಹೇಳೋದಿಲ್ಲವೆ, ಹಾಗೆ!

ತಪ್ಪಿಸಿಕೊಂಡವರು ಘಟ್ಟ ಹತ್ತಿದರು. ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಯ ವಿರುದ್ಧ ಕಾಯಿದೆ ಬಂದದ್ದು 1843ರಲ್ಲಿ. ಪೋರ್ಚುಗೀಸರ ರದ್ದತಿ ಆಜ್ಞೆ 1869ರಲ್ಲಿ. ಕಾಯಿದೆ ಬರಲಿ ಅಂತ ಎಲ್ಲರೂ ಕಾಯುತ್ತ ಕೂರಲಿಲ್ಲ. ಜೋಯಿಡಾ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳಲ್ಲಿ ಇಂದು ಇರುವ ಸಿದ್ದಿಗಳ ಹಿರಿಯರಲ್ಲಿ ಬಹಳ ಮಂದಿ ಹೀಗೆ ಬಂದವರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರಿಸ್ತುವರು ಎಲ್ಲ ಇದ್ದಾರೆ. ಕಾಡು ಸೇರಿದ ಮೇಲೆ ಸುಖವಾಗಿದ್ದರು ಅನ್ನೋದು ಸುಳ್ಳು. ತೋಟದ ಒಡೆಯರ ಜೀತ ಅಲ್ಲೂ ಕಾದಿತ್ತು.

ಆದರೆ ಸೂಜಿಯ ಕೆಲಸ ಬದಲಾಯಿತು. ಸಿದ್ದಿ ಹೆಂಗಸರು ಕೌದಿ ಹೊಲಿದರು, ಈಗಲೂ ಹೊಲಿಯುತ್ತಾರೆ. ಹಳೇ ಸೀರೆ ನೆಲಕ್ಕೆ ಹಾಸಿ, ಹರಿದ ಲಂಗ, ಅಂಗಿ, ಲುಂಗಿಯ ತುಂಡುಗಳನ್ನು ಅಂಚು ಮಡಚಿ ಅದರ ಮೇಲೆ ಇಡುತ್ತಾರೆ. ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತುತ್ತ ನಡುವಿಗೆ ಬರುತ್ತಾರೆ. ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ಸಾಲುಸಾಲಾಗಿ ಸಾದಾ ಓಟದ ಹೊಲಿಗೆ, ಅಷ್ಟೆ. ಆ ಹೊಲಿಗೆಯೇ ಪದರುಗಳನ್ನು ಬಿಗಿಯುತ್ತದೆ, ಅದೇ ಅಂದವೂ ಆಗುತ್ತದೆ. ಕ್ರಿಸ್ತುವರ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮುಮ್ಮೂಲೆಯಾಗಿ ಮಡಚಿ ಹೊಲಿಯುತ್ತಾರೆ. ಅದಕ್ಕೆ ‘ಫುಲಾ’, ಅಂದರೆ ಹೂ ಎನ್ನುತ್ತಾರೆ. ಇದರಿಂದ ಮೈ ಬೆಚ್ಚಗಾಗೋದಿಲ್ಲ, ಉಪಯೋಗ ಏನೂ ಇಲ್ಲ. ಆದರೆ ಫುಲಾ ಇಲ್ಲದ ಕೌದಿ ಬತ್ತಲೆ ಎಂದೇ ಆ ಹೆಂಗಸರ ಮಾತು. ಉಡಲು ಎರಡನೇ ಸೀರೆ ಇಲ್ಲದವಳು ಕೌದಿಯ ಮಾನ ಮುಚ್ಚುತ್ತಾಳೆ. ಬಡವರಿಗೆ ಅಂದಚಂದ ಯಾಕೆ ಅನ್ನುವವರು ಈ ಮೂಲೆಯನ್ನು ಒಮ್ಮೆ ಮುಟ್ಟಿ ನೋಡಬೇಕು.

ಈ ಕಲೆ ಆಫ್ರಿಕಾದಿಂದ ಬಂತೋ ಇಲ್ಲೇ ಕಲಿತದ್ದೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ನಮ್ಮ ಉತ್ತರದ ಸೀಮೆಯಲ್ಲೆಲ್ಲ ಕೌದಿ ಇದೆ, ಮನೆಮನೆಗೆ ಹೋಗಿ ಕೌದಿ ಹೊಲಿದುಕೊಟ್ಟು ಕಾಳು ಪಡೆಯುತ್ತಿದ್ದವರಿದ್ದಾರೆ. ಬಣ್ಣ ಕೂಡಿಸುವ ಸಿದ್ದಿಯರ ರೀತಿ ಬೇರೆ, ಅಷ್ಟು ಸಾಕು. ಕಸೂತಿ ಕಲೆಯಾದದ್ದು, ಕೌದಿ ಚಿಂದಿಯಾಗಿಯೇ ಉಳಿದದ್ದು ಯಾಕೆ ಅನ್ನುವ ಪ್ರಶ್ನೆ ನಮಗೆ ದೊಡ್ಡದು. ಒಂದು ಮೆರೆಯುವ ಬಟ್ಟೆಯ ಮೇಲೆ ಕೂತಿತು, ಇನ್ನೊಂದು ಮಲಗುವ ನೆಲದ ಮೇಲೆ.

ಅಮೆರಿಕದ ಕಲಾಚರಿತ್ರೆಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಭ್ಯಾಸ ಮಾಡಿದರು. 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ಶುರುವಾಯಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕೌದಿಗಳ ಪ್ರದರ್ಶನ ನಡೆಯಿತು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ, ಧಾರವಾಡ, ಬೆಳಗಾವಿಯ ಸಿದ್ದಿಗಳು ಸೇರಿದ್ದು 2020ರಲ್ಲಿ. ಕೌದಿ ಕಡಲು ದಾಟಿದ್ದಕ್ಕೆ ನಮಗೆ ಸಂತೋಷವೇ. ಹೊಲಿದವಳ ಕೈಗೆ ನಾಲ್ಕು ಕಾಸು ಬರಲಿ. ಆದರೆ ತೇಪೆಯ ಬಟ್ಟೆ ಈಗ ಪೇಟೆಯಲ್ಲೂ ಫ್ಯಾಶನ್ನು. ಹೊಸ ಥಾನು ಕತ್ತರಿಸಿ ಹಳೆಯದರ ಹಾಗೆ ಹೊಲಿದು ಮಾರುತ್ತಾರೆ. ಅದರ ಚೀಟಿಯ ಮೇಲೆ ಅಂಗಡಿಯ ಹೆಸರಿರುತ್ತದೆ, ಹೊಲಿದವಳದ್ದಿಲ್ಲ. ಗೋವೆಯ ಬೀದಿಯಲ್ಲೂ ಇರಲಿಲ್ಲ.

ಜೋಯಿಡಾ, ದಾಂಡೇಲಿ, ಹಳಿಯಾಳ, ಮುಂಡಗೋಡದ ಶಾಲೆಗಳ ಮೇಷ್ಟ್ರುಗಳಲ್ಲಿ ನಮ್ಮದೊಂದು ಬೇಡಿಕೆ ಇದೆ. ಮಕ್ಕಳಿಗೆ ಮನೆಯ ಕೌದಿ ಬಿಡಿಸಿ ನೋಡಲು ಹೇಳಿ. ಈ ತುಂಡು ಯಾರ ಲಂಗ, ಅದು ಯಾರ ಅಂಗಿ, ಹೊಲಿದ ಅಜ್ಜಿಯ ಹೆಸರೇನು, ಆಕೆ ಯಾವ ಊರಿಂದ ಬಂದವಳು, ಯಾರ ತೋಟದಲ್ಲಿ ದುಡಿದಳು ಅಂತ ಕೇಳಿ ಬರಕೊಂಡು ಬರಲಿ. ಅಜ್ಜಿಯಂದಿರು ಇರುವಾಗಲೇ ಬರಲಿ.