ಕಲ್ಲಿನ ಮೇಲೆ ಬರೆದ ನ್ಯಾಯ



‘ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು’ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಪ್ರಾಚೀನ ಕಾಲದ ಜನ ಕ್ರೂರಿಗಳಾಗಿದ್ದರು, ಸೇಡೇ ಅವರ ನ್ಯಾಯವಾಗಿತ್ತು, ಕಾಲ ಕಳೆದಂತೆ ಮನುಷ್ಯನೂ ಮೃದುವಾದ, ಶಿಕ್ಷೆಯೂ ಮೃದುವಾಯಿತು ಎಂದು ನಾವು ಸುಲಭವಾಗಿ ತೀರ್ಮಾನಿಸಿಬಿಡುತ್ತೇವೆ. ಆದರೆ ಜೇಡಿಮಣ್ಣಿನ ಹಲಗೆಗಳ ಮೇಲೆ ಉಳಿದು ಬಂದಿರುವ ಸಾಕ್ಷ್ಯ ಅಷ್ಟು ಸರಳವಾದ ಕಥೆಯನ್ನು ಹೇಳುವುದಿಲ್ಲ. ಆ ಸಾಕ್ಷ್ಯವನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ.

ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಣ ನಾಡೇ ಮೆಸೊಪೊಟೇಮಿಯ. ಅದರ ಬಹುಭಾಗ ಇಂದಿನ ಇರಾಕ್ ದೇಶದಲ್ಲಿದೆ. ಅಲ್ಲಿನ ಉರುಕ್ ನಗರದಲ್ಲಿ ಸುಮಾರು ಕ್ರಿ.ಪೂ. 3300ರ ವೇಳೆಗೆ ಬರವಣಿಗೆ ರೂಪುಗೊಂಡಿತು. ಅದು ಹುಟ್ಟಿದ್ದು ಕಾವ್ಯಕ್ಕಾಗಿ ಅಲ್ಲ, ಕಾನೂನಿಗಾಗಿಯೂ ಅಲ್ಲ. ಧಾನ್ಯವೆಷ್ಟು, ಕುರಿಗಳೆಷ್ಟು ಎಂಬ ಲೆಕ್ಕ ಇಡುವುದಕ್ಕಾಗಿ. ನಮಗೆ ದೊರೆತಿರುವ ಅತ್ಯಂತ ಹಳೆಯ ಲಿಖಿತ ಕಾನೂನು ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷಗಳ ನಂತರದ್ದು. ಹಾಗಾದರೆ ಅಲ್ಲಿಯವರೆಗೆ ನ್ಯಾಯವೇ ಇರಲಿಲ್ಲವೆ? ಖಂಡಿತ ಇತ್ತು. ಅದು ಹಿರಿಯರ ನೆನಪಿನಲ್ಲಿ, ರೂಢಿಯಲ್ಲಿ, ಊರ ಸಭೆಯಲ್ಲಿ ಬದುಕಿತ್ತು. ಚಿಕ್ಕ ಊರಿಗೆ ಅಷ್ಟು ಸಾಕು. ಆದರೆ ನಗರ ಬೆಳೆದು, ಅಪರಿಚಿತರು ಅಪರಿಚಿತರೊಡನೆ ಸಾಲ ಕೊಟ್ಟು ತೆಗೆದುಕೊಳ್ಳುವಾಗ, ಒಬ್ಬರ ಕಾಲುವೆಯ ನೀರು ಇನ್ನೊಬ್ಬರ ಹೊಲಕ್ಕೆ ನುಗ್ಗುವಾಗ, ಯಾರ ನೆನಪನ್ನು ನಂಬಬೇಕು? ಈ ಪ್ರಶ್ನೆಗೆ ಅರಸರು ಕೊಟ್ಟ ಒಂದು ಉತ್ತರವೇ ಲಿಖಿತ ಕಾನೂನು.

ಉರ್ ನಗರದ ಅರಸ ಉರ್-ನಮ್ಮು ಸುಮಾರು ಕ್ರಿ.ಪೂ. 2100ರಲ್ಲಿ ಆಳಿದನು. ಅವನ ಹೆಸರಿನ ಕಾನೂನು ಸುಮೇರಿಯನ್ ಭಾಷೆಯಲ್ಲಿದೆ. ಇದನ್ನು ಅವನ ಮಗ ಶುಲ್ಗಿ ಹೊರಡಿಸಿದನೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಇಸ್ತಾಂಬುಲ್ ವಸ್ತುಸಂಗ್ರಹಾಲಯದಲ್ಲಿದ್ದ ಇದರ ಒಂದು ಹಲಗೆಯನ್ನು ಸ್ಯಾಮ್ಯುಯೆಲ್ ನೋವಾ ಕ್ರೇಮರ್ 1952ರಲ್ಲಿ ಓದಿದಾಗ ವಿದ್ವಾಂಸರಿಗೆ ಅಚ್ಚರಿ ಕಾದಿತ್ತು. ಕೊಲೆಗೆ ಇಲ್ಲಿಯೂ ಮರಣದಂಡನೆಯೇ. ಆದರೆ ದೇಹಕ್ಕೆ ಗಾಯ ಮಾಡಿದವನ ದೇಹಕ್ಕೆ ಮರುಗಾಯವಿಲ್ಲ. ಅವನು ಬೆಳ್ಳಿ ತೂಗಿ ಕೊಡಬೇಕು. ಕಣ್ಣು ಕಳೆದರೆ ಅರ್ಧ ಮಿನ, ಹಲ್ಲು ಮುರಿದರೆ ಎರಡು ಶೆಕೆಲ್. ಅರವತ್ತು ಶೆಕೆಲ್ ಸೇರಿದರೆ ಒಂದು ಮಿನ, ಅಂದರೆ ಸುಮಾರು ಅರ್ಧ ಕಿಲೋಗ್ರಾಂ ಬೆಳ್ಳಿ. ಅನಾಥನು ಧನಿಕನ ಪಾಲಾಗದಂತೆ, ವಿಧವೆ ಬಲಿಷ್ಠನ ಪಾಲಾಗದಂತೆ ತಾನು ನೋಡಿಕೊಂಡೆನೆಂದು ಅರಸನು ಪೀಠಿಕೆಯಲ್ಲಿ ಹೇಳಿಕೊಂಡಿದ್ದಾನೆ. ಎಂದರೆ, ಹೆಚ್ಚು ಹಳೆಯದಾದ ಕಾನೂನಿನಲ್ಲಿ ಸೇಡಿಲ್ಲ, ಪರಿಹಾರವಿದೆ!

ಇನ್ನು ಬ್ಯಾಬಿಲೋನಿನ ಹಮ್ಮುರಾಬಿಗೆ ಬರೋಣ. ಅವನ ಆಳ್ವಿಕೆ ಸುಮಾರು ಕ್ರಿ.ಪೂ. 1792ರಿಂದ 1750ರವರೆಗೆ. ಅವನ ಕಾನೂನನ್ನು ಅಕ್ಕಾಡಿಯನ್ ಭಾಷೆಯಲ್ಲಿ, ಬೆಣೆಯಾಕಾರದ ಲಿಪಿಯಲ್ಲಿ, ಎರಡು ಮೀಟರಿಗಿಂತ ಎತ್ತರದ ಕಪ್ಪು ಕಲ್ಲಿನ ಮೇಲೆ ಕೆತ್ತಲಾಗಿದೆ. ಕ್ರಿ.ಪೂ. 12ನೆಯ ಶತಮಾನದಲ್ಲಿ ಏಲಂನ ಅರಸನೊಬ್ಬನು ಈ ಕಲ್ಲನ್ನು ಯುದ್ಧದ ಕೊಳ್ಳೆಯಾಗಿ ಸೂಸಾ ನಗರಕ್ಕೆ ಸಾಗಿಸಿದನು. ಅಲ್ಲಿಯೇ 1901-02ರಲ್ಲಿ ಫ್ರೆಂಚ್ ಉತ್ಖನನಕಾರರಿಗೆ ಅದು ದೊರೆಯಿತು. ಈಗ ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಇದರ ವಿಧಿಗಳನ್ನು ವಿದ್ವಾಂಸರು 282 ಎಂದು ಎಣಿಸಿದ್ದಾರೆ. ಕಲ್ಲಿನ ಮೇಲೆ ಅಳಿಸಿಹೋದ ಕೆಲವು ಭಾಗಗಳನ್ನು ಮಣ್ಣಿನ ಹಲಗೆಗಳ ಮೇಲಿನ ಪ್ರತಿಗಳಿಂದ ತುಂಬಿಕೊಳ್ಳಲಾಗಿದೆ.

‘ಕಣ್ಣಿಗೆ ಕಣ್ಣು’ ಕಾಣಿಸಿಕೊಳ್ಳುವುದು ಇಲ್ಲಿ. ಆದರೆ ಯಾರ ಕಣ್ಣಿಗೆ ಯಾರ ಕಣ್ಣು ಎಂಬುದನ್ನು ಗಮನಿಸಬೇಕು. ಕುಲೀನನೊಬ್ಬನು ತನಗೆ ಸಮಾನನಾದ ಕುಲೀನನ ಕಣ್ಣು ಕಿತ್ತರೆ ಮಾತ್ರ ಅವನ ಕಣ್ಣು ಕೀಳಬೇಕು. ಸಾಮಾನ್ಯನ ಕಣ್ಣು ಕಿತ್ತರೆ ಒಂದು ಮಿನ ಬೆಳ್ಳಿ ಕೊಟ್ಟರಾಯಿತು. ದಾಸನ ಕಣ್ಣಾದರೆ ಆ ದಾಸನ ಬೆಲೆಯ ಅರ್ಧ. ಕಟ್ಟಿದ ಮನೆ ಕುಸಿದು ಮನೆಯ ಒಡೆಯ ಸತ್ತರೆ ಕಟ್ಟಿದವನಿಗೆ ಮರಣ. ಒಡೆಯನ ಮಗ ಸತ್ತರೆ ಕಟ್ಟಿದವನ ಮಗನಿಗೆ ಮರಣ! ಆ ಮಗ ಮಾಡಿದ ತಪ್ಪೇನು ಎಂದು ಕಾನೂನು ಕೇಳುವುದಿಲ್ಲ.

ಹಾಗೆಂದು ಈ ಕಲ್ಲನ್ನು ಬರಿಯ ಕ್ರೌರ್ಯದ ದಾಖಲೆಯೆಂದು ಬದಿಗಿಡುವುದೂ ಸರಿಯಲ್ಲ. ತೀರ್ಪು ಕೊಟ್ಟ ಮೇಲೆ ಅದನ್ನು ತಿದ್ದಿದ ನ್ಯಾಯಾಧೀಶನು ಹನ್ನೆರಡು ಪಟ್ಟು ದಂಡ ತೆತ್ತು ಪೀಠ ಬಿಡಬೇಕು. ಕಳ್ಳ ಸಿಗದಿದ್ದರೆ, ದರೋಡೆಗೆ ಒಳಗಾದವನ ನಷ್ಟವನ್ನು ಆ ನಗರವೇ ತುಂಬಿಕೊಡಬೇಕು. ಬಿರುಗಾಳಿಯಿಂದಲೋ ನೀರಿನ ಕೊರತೆಯಿಂದಲೋ ಬೆಳೆ ಹೋದ ಸಾಲಗಾರ ರೈತನು ಆ ವರ್ಷ ಬಡ್ಡಿ ಕೊಡಬೇಕಾಗಿಲ್ಲ. ಸಾಲಕ್ಕಾಗಿ ದುಡಿಮೆಗೆ ಒಪ್ಪಿಸಿದ ಹೆಂಡತಿ ಮಕ್ಕಳನ್ನು ನಾಲ್ಕನೆಯ ವರ್ಷ ಬಿಡುಗಡೆ ಮಾಡಬೇಕು. ಜಗಳದಲ್ಲಿ ಗಾಯ ಮಾಡಿದವನು, ಬೇಕೆಂದು ಹೊಡೆಯಲಿಲ್ಲವೆಂದು ಪ್ರಮಾಣ ಮಾಡಿದರೆ ವೈದ್ಯನ ಖರ್ಚು ಕೊಟ್ಟರೆ ಸಾಕು. ಉದ್ದೇಶಪೂರ್ವಕ ಕೃತ್ಯಕ್ಕೂ ಆಕಸ್ಮಿಕಕ್ಕೂ ಇರುವ ಅಂತರವನ್ನು ಆ ಜನ ಬಲ್ಲವರಾಗಿದ್ದರು.

ಹಾಗಾದರೆ ಬೆಳ್ಳಿಯ ದಂಡದ ನಂತರ ದೇಹದಂಡನೆ ಏಕೆ ಬಂದಿತು? ಹಮ್ಮುರಾಬಿಗಿಂತ ತುಸು ಹಿಂದಿನ ಎಶ್ನುನ್ನ ನಗರದ ಕಾನೂನಿನಲ್ಲಿಯೂ ಕಣ್ಣಿಗೆ ಬೆಳ್ಳಿಯೇ ಪರಿಹಾರ. ಆದುದರಿಂದ ಬದಲಾವಣೆಗೆ ಕಾರಣವನ್ನು ಹುಡುಕಲೇಬೇಕು. ಹಮ್ಮುರಾಬಿಯ ವಂಶದವರಾದ ಅಮೋರೈಟರು ತಮ್ಮ ಬುಡಕಟ್ಟಿನ ರೂಢಿಯನ್ನು ತಂದರೆಂದು ಕೆಲವರ ಅಭಿಪ್ರಾಯ. ಇನ್ನು ಕೆಲವರು ಹೇಳುವುದೇ ಬೇರೆ. ದಂಡವೆಂದರೆ ಹಣವುಳ್ಳವನಿಗೆ ಒಂದು ಬೆಲೆ ಮಾತ್ರ. ಬೆಳ್ಳಿ ಎಸೆದು ಅವನು ಯಾರ ಹಲ್ಲನ್ನಾದರೂ ಮುರಿಯಬಲ್ಲ. ತನ್ನದೇ ಹಲ್ಲು ಹೋಗುವುದಾದರೆ ಅವನೂ ಹಿಂಜರಿಯುತ್ತಾನೆ. ಅಲ್ಲದೆ, ಒಂದು ಕಣ್ಣಿಗೆ ಒಂದೇ ಕಣ್ಣು ಎಂದರೆ ಸೇಡಿಗೆ ಮಿತಿ ಹಾಕಿದಂತೆಯೂ ಆಯಿತು. ಆದರೆ ಆ ಭಯವೂ ಮಿತಿಯೂ ಸಮಾನರ ನಡುವೆ ಮಾತ್ರ ಎಂಬುದನ್ನು ಮರೆಯಬಾರದು.

ಇನ್ನೊಂದು ಸಂಗತಿ. ಆ ಕಾಲದ ತೀರ್ಪುಗಳನ್ನೂ ಒಪ್ಪಂದಗಳನ್ನೂ ದಾಖಲಿಸಿದ ಮಣ್ಣಿನ ಹಲಗೆಗಳು ಸಾವಿರಾರು ಸಂಖ್ಯೆಯಲ್ಲಿ ದೊರೆತಿವೆ. ಆದರೆ ಹಮ್ಮುರಾಬಿಯ ವಿಧಿಯನ್ನು ಆಧಾರವಾಗಿ ಹೆಸರಿಸುವ ತೀರ್ಪು ಅವುಗಳಲ್ಲಿ ಕಾಣಸಿಗುವುದಿಲ್ಲವೆಂದೇ ಹೇಳಬಹುದು. ಸಾಮಾನ್ಯ ಕೊಲೆಗೆ ಶಿಕ್ಷೆ ಏನೆಂಬುದೇ ಆ ಕಲ್ಲಿನಲ್ಲಿಲ್ಲ. ಆದುದರಿಂದ ಇದು ಇಂದಿನ ಅರ್ಥದ ಸಂಪೂರ್ಣ ದಂಡಸಂಹಿತೆಯಲ್ಲ, ನ್ಯಾಯವಂತ ಅರಸನೊಬ್ಬನ ಆದರ್ಶ ತೀರ್ಪುಗಳ ಸಂಗ್ರಹ ಎಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಲಿಪಿಕಾರರ ವಿದ್ಯಾರ್ಥಿಗಳು ಸಾವಿರಕ್ಕೂ ಹೆಚ್ಚು ವರ್ಷಗಳ ಕಾಲ ಇದನ್ನು ನಕಲು ಮಾಡುತ್ತ ಬಂದರು. ನಿಮ್ಮ ವಯಸ್ಸಿನವರೇ ಮಣ್ಣಿನ ಮೇಲೆ ಕಡ್ಡಿ ಒತ್ತಿ ಬರೆದ ಪಾಠವೂ ಇಂದು ನಮಗೆ ಆಧಾರವಾಗಿದೆ.

ಅನ್ಯಾಯಕ್ಕೆ ಒಳಗಾದವನು ತನ್ನ ಕಲ್ಲಿನ ಮುಂದೆ ಬಂದು ನಿಲ್ಲಲಿ, ಬರಹವನ್ನು ಓದಿಸಿ ಕೇಳಲಿ, ತನಗೆ ಸಲ್ಲಬೇಕಾದುದನ್ನು ತಿಳಿದುಕೊಳ್ಳಲಿ ಎಂಬುದು ಹಮ್ಮುರಾಬಿಯ ಸಮಾರೋಪದ ಆಶಯ. ಓದಬಲ್ಲವರು ವಿರಳವಾಗಿದ್ದ ಕಾಲ ಅದು. ಓದಿಸಿ ಕೇಳಿದ ದಾಸನಿಗೆ ಸಿಗುತ್ತಿದ್ದ ಉತ್ತರವೂ ಅವನ ಕಣ್ಣಿನ ಬೆಲೆ ಅರ್ಧ ಎಂದೇ. ಬರೆದುದರಿಂದ ಕಾನೂನು ನ್ಯಾಯವಾಗಿಬಿಡುವುದಿಲ್ಲ. ಆದರೆ ಬರೆಯದಿದ್ದ ಅನ್ಯಾಯವನ್ನು ಯಾರೂ ಬೊಟ್ಟು ಮಾಡಿ ತೋರಿಸಲಾರರು. ಯಾರ ಕಣ್ಣಿಗೆ ಎಷ್ಟು ಬೆಲೆ ಎಂದು ಆ ಅರಸ ಕಲ್ಲಿನ ಮೇಲೆ ಕೊರೆಸಿದ್ದರಿಂದಲೇ, ಸುಮಾರು 3,700 ವರ್ಷಗಳ ನಂತರವೂ ನಾವು ಅದನ್ನು ಓದಿ, ಈ ಲೆಕ್ಕ ತಪ್ಪು ಎಂದು ಹೇಳಬಲ್ಲೆವು. ಇನ್ನು ಮುಂದೆ ಯಾವ ಕಾಲದ ಕಾನೂನನ್ನು ಓದುವಾಗಲೂ, ಶಿಕ್ಷೆ ಎಷ್ಟು ಕಠಿಣವೆಂದು ನೋಡಿ ನಿಲ್ಲಬೇಡಿ. ಅದು ಎಲ್ಲರಿಗೂ ಒಂದೇ ಆಗಿದೆಯೆ ಎಂದು ಕೇಳಿ.