ಕ್ರಕಚವ್ಯವಹಾರವೂ ಮನೆಯ ದುರಸ್ತಿಯ ಗರಗಸವೂ

ಗರಗಸವೆಂಬ ನಮ್ಮ ಮನೆಮಾತು ಸಂಸ್ಕೃತದ ಕ್ರಕಚಶಬ್ದದ ತದ್ಭವವೆಂಬುದು ವ್ಯಾಕರಣವನ್ನೋದಿದವರಿಗೆ ವಿದಿತವೇ ಆಗಿದೆ. ಅಮರಸಿಂಹನು ಅದಕ್ಕೆ ಕರಪತ್ರವೆಂಬ ಇನ್ನೊಂದು ಹೆಸರನ್ನೂ ಹೇಳಿರುವನು. ಹೆಸರಿಗಿಂತಲೂ ವಸ್ತು ಪುರಾತನವಾದುದು. ಮೊಹೆಂಜೊದಾರೊವಿನ ಅಗೆತದಲ್ಲಿ ಹಲ್ಲುಳ್ಳ ಲೋಹದ ಗರಗಸಗಳು ದೊರೆತಿವೆ. ಆದರೆ ಪ್ರಾಚೀನತೆಯ ಕೀರ್ತನೆ ಮಾತ್ರವೇ ಈ ಲೇಖನದ ಉದ್ದೇಶವಲ್ಲ. ಇಂದು ಕೊಡಗಿನ ಅನೇಕ ಕುಟುಂಬಗಳಲ್ಲಿ ಹಳೆಯ ಮನೆಯ ದುರಸ್ತಿಯ ಮಾತು ಎದ್ದಿದೆ. ಅದರೊಡನೆ, ಅಂಗಡಿಯವರು ‘ಮೈಟರ್ ಸಾ’ ಎಂದು ಕರೆಯುವ ವಿದ್ಯುತ್ ಗರಗಸವನ್ನು ಕೊಳ್ಳಬೇಕೆ, ಕೊಳ್ಳುವುದಾದರೆ ಅಲ್ಪವ್ಯಯದಲ್ಲಿ ಎಂತಹುದನ್ನು, ಎಂಬ ಪ್ರಶ್ನೆಯೂ ಎದ್ದಿದೆ. ಇದಕ್ಕೆ ಬೇಕಾದ ವಿವೇಚನೆಯು ನಮ್ಮ ಗಣಿತಗ್ರಂಥಗಳಲ್ಲಿ ಸಾವಿರ ವರ್ಷಗಳಿಂದಲೂ ಇದೆಯೆಂದರೆ ವಾಚಕರು ನಗಬಹುದು. ನಕ್ಕ ಬಳಿಕ ಮುಂದಕ್ಕೆ ಓದಬೇಕೆಂದು ಪ್ರಾರ್ಥನೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ಗಣಿತಸಾರಸಂಗ್ರಹದಲ್ಲಿ ಮರ ಕೊಯ್ಯುವ ಲೆಕ್ಕಕ್ಕೆ ಪ್ರತ್ಯೇಕವಾದ ಸ್ಥಾನವಿದೆ. ಅಲ್ಲಿ 42 ಅಂಗುಲಕ್ಕೆ ಒಂದು ಕಿಷ್ಕು. ಗರಗಸ ಹಾಯುವ ಒಂದೊಂದು ದಾರಿಗೂ ಮಾರ್ಗವೆಂದು ಹೆಸರು. ಕೆಲಸದ ಅಳತೆಗೆ ಪಟ್ಟಿಕೆಯೆಂದು ಹೆಸರು. ತೇಗ, ಅರ್ಜುನ ಮೊದಲಾದ ಮರಗಳನ್ನು ಆತನು ಹೆಸರಿಸಿಯೇ ಹೇಳಿರುವನು. ಅರ್ಜುನವೆಂದರೆ ನಮ್ಮ ಹೊಳೆಯಂಚಿನ ಹೊಳೆಮತ್ತಿ.

ಭಾಸ್ಕರಾಚಾರ್ಯನು 1150ರಲ್ಲಿ ಬರೆದ ಲೀಲಾವತಿಯಲ್ಲಿ ಇದೇ ವಿಷಯಕ್ಕೆ ಕ್ರಕಚವ್ಯವಹಾರವೆಂಬ ಪ್ರಕರಣವಿದೆ. ಅಲ್ಲಿನ ಲೆಕ್ಕವೊಂದನ್ನು ನೋಡೋಣ. ಬುಡದಲ್ಲಿ 20 ಅಂಗುಲ, ತುದಿಯಲ್ಲಿ 16 ಅಂಗುಲ ದಪ್ಪವೂ 100 ಅಂಗುಲ ಉದ್ದವೂ ಇರುವ ದಿಮ್ಮಿಯನ್ನು ನಾಲ್ಕು ಕಡೆಗಳಲ್ಲಿ ಉದ್ದಕ್ಕೆ ಸೀಳಿದರೆ ಕೆಲಸವೆಷ್ಟು? ಎರಡು ದಪ್ಪಗಳ ಸರಾಸರಿ 18. ಅದನ್ನು 100ರಿಂದಲೂ 4ರಿಂದಲೂ ಗುಣಿಸಿದರೆ 7,200 ಚದರ ಅಂಗುಲ. ಹಸ್ತಕ್ಕೆ 24 ಅಂಗುಲವಾದುದರಿಂದ 576ರಿಂದ ಭಾಗಿಸಲು ಹನ್ನೆರಡೂವರೆ ಚದರ ಹಸ್ತ. ಇನ್ನೊಂದು ಲೆಕ್ಕದಲ್ಲಿ 32 ಅಂಗುಲ ಅಗಲ, 16 ಅಂಗುಲ ದಪ್ಪದ ಮರವನ್ನು ಒಂಬತ್ತು ಕಡೆ ಅಡ್ಡಲಾಗಿ ತುಂಡರಿಸುತ್ತಾರೆ. ಇಲ್ಲಿ ಉದ್ದವನ್ನು ಕೇಳುವಂತೆಯೇ ಇಲ್ಲ, ಅಗಲವನ್ನು ದಪ್ಪದಿಂದ ಗುಣಿಸಿದರೆ ಸಾಕು. ಫಲವು 8 ಚದರ ಹಸ್ತ. ಉದ್ದಗೊಯ್ತ ಬೇರೆ, ಅಡ್ಡಗೊಯ್ತ ಬೇರೆ ಎಂಬುದನ್ನು ಆಚಾರ್ಯನು ಹೀಗೆ ಮೊದಲಲ್ಲಿಯೇ ವಿಂಗಡಿಸಿಟ್ಟನು. ಬೆಲೆಯ ಮಾತನ್ನು ಮಾತ್ರ ಆತನು ಸೂತ್ರದಲ್ಲಿ ಬಿಗಿಯಲಿಲ್ಲ: ಅದು ಕೆಲಸಗಾರರ ಒಪ್ಪಿಗೆಯಿಂದಲೂ ವಸ್ತುವಿನ ಮೃದುತ್ವ ಕಾಠಿನ್ಯಗಳಿಂದಲೂ ನಿರ್ಣಯವಾಗತಕ್ಕದ್ದೆಂದು ಹೇಳಿ ಬಿಟ್ಟನು. ಕೊಯ್ತದ ದಿಕ್ಕು, ಕೊಯ್ತದ ವಿಸ್ತಾರ, ಮರದ ಕಾಠಿನ್ಯ, ಇವು ಮೂರು ತಿಳಿದ ಮೇಲೆಯೇ ಹಣದ ಮಾತು. ಅಂಗಡಿಗೆ ಹೋಗುವವರು ಈ ಕ್ರಮವನ್ನು ತಿರುಗಿಸಿ, ಹಣದಿಂದ ಆರಂಭಿಸುವುದೇ ತೊಡಕಿಗೆ ಕಾರಣ.

ಇನ್ನು ನಮ್ಮ ನಾಡಿನ ಮನೆಗಳ ಸಂಗತಿ. ಐನ್‌ಮನೆಯ ಮರಗೆಲಸವನ್ನು ನಮ್ಮಲ್ಲಿ ವಂಶಪಾರಂಪರ್ಯವಾಗಿ ಮಾಡಿಕೊಂಡು ಬಂದವರು ಐರಿಗಳು. ಕೆತ್ತನೆಯ ಕಂಬಗಳು, ಕಂಬಗಳ ನಡುವೆ ಕುಳಿತುಕೊಳ್ಳುವ ದಪ್ಪ ಹಲಗೆಯಾದ ಐಮರ, ನೆಲ್ಲಕ್ಕಿ ನಡುಬಾಡೆಯ ಬಾಗಿಲು, ಇವುಗಳಲ್ಲಿ ಕೊಡಲಿ, ಬಾಚಿ, ಉಳಿಗಳ ಕೆಲಸವೇ ಮುಖ್ಯ. ಗರಗಸಕ್ಕೆ ಉದ್ದಗೊಯ್ತದ ಪಾತ್ರ. ಒಬ್ಬನು ದಿಮ್ಮಿಯ ಮೇಲೆ, ಇನ್ನೊಬ್ಬನು ಕೆಳಗೆ ಗುಂಡಿಯಲ್ಲಿ ನಿಂತು ಎಳೆಯುತ್ತಿದ್ದ ಆ ಗರಗಸವನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ದಾರಂದದ ಮೂಲೆಗಳನ್ನು ಓರೆಯಾಗಿ ಕೊಯ್ದು ಅಂಟಿಸುವ ಪದ್ಧತಿ ಅಲ್ಲಿ ಇರಲಿಲ್ಲ. ಒಂದು ಮರದಲ್ಲಿ ಕಂಡಿ ಕೊರೆದು, ಇನ್ನೊಂದರ ನಾಲಗೆಯನ್ನು ಅದರೊಳಗೆ ಸೇರಿಸಿ, ಮರದ ಬೆಣೆ ಜಡಿಯುತ್ತಿದ್ದರು. ಮಯಮತ, ಮಾನಸಾರ ಎಂಬ ಶಿಲ್ಪಗ್ರಂಥಗಳಲ್ಲಿ ಮರಗಳ ಜೋಡಣೆಗೆಂದೇ ಸಂಧಿಕರ್ಮವೆಂಬ ಅಧ್ಯಾಯವಿದೆ. ಸಂಧಿಯೆಂದರೆ ವ್ಯಾಕರಣದಲ್ಲಿ ಮಾತ್ರವೆಂದು ತಿಳಿದಿದ್ದ ಬಾಲ್ಯದಲ್ಲಿ ಅದು ನಮಗೆ ವಿನೋದವಾಗಿ ಕಂಡಿತ್ತು.

ಅಡ್ಡಗೊಯ್ತ ಹೆಚ್ಚಿದುದು ಹೆಂಚಿನಿಂದ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಹುಲ್ಲಿನ ಹೊದಿಕೆ ಕ್ರಮೇಣ ಹೋಗಿ ಹೆಂಚು ಬಂದಿತು. ಹುಲ್ಲಿಗೆ ಅಡಿಯ ಗಳು ಸ್ವಲ್ಪ ಹೆಚ್ಚುಕಡಿಮೆಯಾದರೂ ಸರಿಯೇ. ಹೆಂಚಿಗೆ ಸಮಾಂತರವಾದ ರೀಪುಗಳೂ ಒಂದೇ ಓರೆಯಲ್ಲಿ ಕೊಯ್ದ ಪಕ್ಕಾಸುಗಳೂ ಬೇಕು. ಆಮೇಲೆ ಮುಚ್ಚಿಗೆಯ ಹಲಗೆಗಳ ಅಂಚುಪಟ್ಟಿ, ಕಿಟಕಿಯ ಚೌಕಟ್ಟು, ಗೋಡೆಯ ಬುಡದ ಪಟ್ಟಿ ಇವೆಲ್ಲವೂ ಬಂದವು. ಒಂದು ಮನೆಯ ದುರಸ್ತಿಯಲ್ಲಿ ಇಂತಹ ಕೊಯ್ತಗಳು ನೂರಾರು. 2018ರ ಆಗಸ್ಟಿನ ಮಳೆ, ಭೂಕುಸಿತಗಳ ಬಳಿಕ ದುರಸ್ತಿಗೆ ನಿಂತ ಮನೆಗಳಲ್ಲಿಯೂ ಬಡಗಿಗಳ ಸಮಯವನ್ನು ತಿಂದುದು ಇದೇ.

ಯಂತ್ರದ ಚರಿತ್ರೆ ಚಿಕ್ಕದು. ವೃತ್ತಾಕಾರದ ಗರಗಸಕ್ಕೆ ಇಂಗ್ಲೆಂಡಿನಲ್ಲಿ 1777ರಲ್ಲಿ ಸ್ಯಾಮ್ಯುಯಲ್ ಮಿಲ್ಲರನು ಹಕ್ಕುಪತ್ರ ಪಡೆದನು. ಅದನ್ನು ತೋಳಿಗೆ ಕಟ್ಟಿ, ಕೋನ ಹಿಡಿದು ಮೇಲಿನಿಂದ ಇಳಿಸುವ ವಿದ್ಯುತ್ ಯಂತ್ರವು 1964ರಲ್ಲಿ ಅಮೆರಿಕದ ರಾಕ್‌ವೆಲ್ ಸಂಸ್ಥೆಯಿಂದ ಬಂದಿತೆನ್ನುತ್ತಾರೆ. ಇದು ಅಡ್ಡಗೊಯ್ತಕ್ಕೂ ಓರೆಗೊಯ್ತಕ್ಕೂ ಮಾತ್ರ ಯೋಗ್ಯ. ಹಲಗೆಯನ್ನು ಉದ್ದಕ್ಕೆ ಸೀಳಲು ಇದರಿಂದಾಗದು. ಬಲವಂತಪಡಿಸಿದರೆ ಕೈಗೇ ಅಪಾಯ. ಐಮರದ ಹಲಗೆ ಹೊಸದಾಗಿ ಬೇಕಾದವರು ಮರದ ಮಿಲ್ಲಿಗೆ ಹೋಗತಕ್ಕದ್ದೇ.

ಎರಡನೆಯದು ವಿಸ್ತಾರ. ವ್ಯಾಪಾರಿಯು ನೇರಗೊಯ್ತದ ಅಗಲವನ್ನು ಹೇಳುತ್ತಾನೆ. ನಾವು ಕೇಳಬೇಕಾದುದು ಅರೆಮೂಲೆಯ, ಎಂದರೆ 45 ಅಂಶದ ಅಗಲವನ್ನು. ಚೌಕದ ಕರ್ಣಕ್ಕೆ ಬೌಧಾಯನನು ತನ್ನ ಶುಲ್ಬಸೂತ್ರದಲ್ಲಿ ಕೊಟ್ಟ ಮಾನದ ಮೊದಲ ಭಾಗ ಇಲ್ಲಿ ಸಾಕು: ಬಾಹುವಿಗೆ ಅದರ ಮೂರನೆಯ ಒಂದು ಭಾಗವನ್ನೂ, ಆ ಭಾಗದ ನಾಲ್ಕನೆಯ ಒಂದು ಭಾಗವನ್ನೂ ಸೇರಿಸಬೇಕು. 12 ಅಂಗುಲದ ಹಲಗೆಯ ಓರೆಗೊಯ್ತ 17 ಅಂಗುಲ. ಆದುದರಿಂದ ನೇರದಲ್ಲಿ 5 ಅಂಗುಲ ಕೊಯ್ಯುವ 10 ಅಂಗುಲ ಬಿಲ್ಲೆಯ ಅಗ್ಗದ ಯಂತ್ರವು ಓರೆಯಲ್ಲಿ ಮೂರೂವರೆ ಅಂಗುಲವನ್ನಷ್ಟೇ ಕೊಯ್ಯುವುದು. ಮನೆಯ ಪಟ್ಟಿಗಳನ್ನು ಅಳೆದುಕೊಂಡು ಹೋಗಿರಿ. ಅವು ಮೂರಂಗುಲದೊಳಗಿದ್ದರೆ ಅಗ್ಗದ್ದೇ ಸಾಕು. ಹೆಚ್ಚು ಅಗಲವಿದ್ದರೆ ಹಳಿಯ ಮೇಲೆ ಸರಿಯುವ ತೋಳಿನ ಯಂತ್ರ ಬೇಕು. ಅದಕ್ಕೆ ಬೆಲೆ ಹೆಚ್ಚು. ನಾಲ್ಕೈದು ಚೌಕಟ್ಟುಗಳ ಕೆಲಸ ಮಾತ್ರವಾದರೆ ಓರೆಗೆರೆ ಸೀಳಿದ ಮರದ ದೋಣಿಯಂತಹ ಪೆಟ್ಟಿಗೆಯೂ ಒಂದು ಕೈಗರಗಸವೂ ಸಾಕೆಂದು ನನ್ನ ಅಭಿಪ್ರಾಯ. ಐನ್‌ಮನೆಯ ದುರಸ್ತಿಗೆ ಬರುವ ಹಣ ಒಬ್ಬನದಲ್ಲ, ಇಡೀ ಒಕ್ಕದ್ದು. ದೂರದೂರಿನಲ್ಲಿರುವ ದಾಯಾದಿಗಳು ಕಳುಹಿಸಿದ ಹಣಕ್ಕೆ ಪಟ್ಟೇದಾರರು ಲೆಕ್ಕ ಒಪ್ಪಿಸಬೇಕಾಗುತ್ತದೆ.

ಮೂರನೆಯದು ಕಾಠಿನ್ಯ. ತೋಟದ ಸಿಲ್ವರ್ ಓಕ್ ಮೆತ್ತನೆಯದು, ಹಲಸು ಮಧ್ಯಮ; ಮತ್ತಿ, ಬೀಟೆಗಳು ಗಟ್ಟಿ. ಯಂತ್ರದಲ್ಲಿ ಉಳಿಸಿದ ಹಣವನ್ನು ಬಿಲ್ಲೆಗೆ ಹಾಕುವುದು ಜಾಣತನ. ಯಂತ್ರದೊಡನೆ ಬರುವ ವಿರಳವಾದ ಹಲ್ಲಿನ ಬಿಲ್ಲೆ ಪಕ್ಕಾಸಿಗೆ ಸರಿ. ಚೌಕಟ್ಟಿಗೆ ಕಾರ್ಬೈಡ್ ತುದಿಯ 60 ಅಥವಾ ಹೆಚ್ಚಿನ ಹಲ್ಲುಗಳದ್ದು ಬೇಕು. ಹಳೆಯ ಮರದಲ್ಲಿ ಮೊಳೆ ಅಡಗಿರುತ್ತದೆ. ಕೊಯ್ಯುವ ಮೊದಲು ಅಯಸ್ಕಾಂತವನ್ನು ಆಡಿಸಿ ನೋಡಬೇಕು. ಇಂತಹ ಯಂತ್ರಗಳು ಸಾಮಾನ್ಯವಾಗಿ 1,650 ವ್ಯಾಟಿಗೆ ಮೇಲ್ಪಟ್ಟವು. ದೀಪದ ಸಣ್ಣ ಪ್ಲಗ್ಗಿಗೆ ಚುಚ್ಚಬಾರದು, 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ಹಳೆಯ ಮನೆಗಳಲ್ಲಿ ಅದಕ್ಕಾಗಿ ತಂತಿಯನ್ನೂ ಬದಲಿಸಬೇಕಾದೀತು; ಆ ಖರ್ಚನ್ನೂ ಬೆಲೆಗೆ ಸೇರಿಸಿಕೊಳ್ಳತಕ್ಕದ್ದು.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಎರಡು ತುಂಡುಗಳನ್ನು ಅರೆಮೂಲೆಗೆ ಕೊಯ್ಯಿಸಿ, ಜೋಡಿಸಿ, ಮೂಲೆಮಟ್ಟ ಹಿಡಿದು ನೋಡಬೇಕು. ಒಂದು ಕೊಯ್ತದಲ್ಲಿ ಅರ್ಧ ಅಂಶ ತಪ್ಪಿದರೆ ಒಂದು ಮೂಲೆಗೆ ಒಂದು ಅಂಶ. ಚೌಕಟ್ಟಿನ ನಾಲ್ಕು ಮೂಲೆಗಳಿಗೆ ನಾಲ್ಕು ಅಂಶ. ಕೊನೆಯ ಮೂಲೆ ಕೂಡುವುದೇ ಇಲ್ಲ. ತೋಳು ಪಕ್ಕಕ್ಕೆ ಅಲುಗುವ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಯಂತ್ರ ಎಷ್ಟೇ ಸರಿಯಿದ್ದರೂ ಕೊಡಗಿನ ಹವೆಯೊಂದು ಉಳಿದಿದೆ. ಮರವು ಅಗಲದಲ್ಲಿ ಹಿಗ್ಗಿ ಕುಗ್ಗುವುದೇ ಹೊರತು ಉದ್ದದಲ್ಲಿ ಬಹು ಅಲ್ಪ. ಕಕ್ಕಡದ ಮಳೆಯಲ್ಲಿ ನೀರು ಹೀರಿದ ಮರವನ್ನು ಓರೆಗೊಯ್ದು ಕೂಡಿಸಿದರೆ ಬೇಸಗೆಯಲ್ಲಿ ಸಂಧಿಯ ಒಳಮೂಲೆ ಬಾಯಿಬಿಡುವುದು. ಕಡುಬೇಸಗೆಯಲ್ಲಿ ಕೂಡಿಸಿದರೆ ಮಳೆಗಾಲದಲ್ಲಿ ಹೊರಮೂಲೆ. ಹಳಬರು ಕಂಡಿ ನಾಲಗೆಗಳ ಜೋಡಣೆಯನ್ನೇ ಹಿಡಿದುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಆದಕಾರಣ ಹೊರಬಾಗಿಲಿನ ದಾರಂದಕ್ಕೆ ಇಂದಿಗೂ ಆ ಜೋಡಣೆಯೇ ಒಳ್ಳೆಯದು. ಒಳಮನೆಯ ಚೌಕಟ್ಟು, ಅಂಚುಪಟ್ಟಿಗಳ ಮರವನ್ನು ಮಳೆ ನಿಂತ ಮೇಲೆ ಅದೇ ಮನೆಯೊಳಗೆ ಕೆಲವು ವಾರ ಅಟ್ಟಿಯಿಟ್ಟು, ಪುತ್ತರಿ ಕಳೆದ ಬಳಿಕ ಕೊಯ್ಯಿಸಬಹುದು.