ನಿಮ್ಮ ವರ್ಡ್ ಫೈಲ್‌ನೊಳಗೆ ಕೂತಿರೋ ‘ಪಿಕೆ’ ಯಾರು?

ಇವತ್ತು ಒಂದು ಸಣ್ಣ ಪ್ರಯೋಗದಿಂದ ಶುರು ಮಾಡೋಣ. ನಿಮ್ಮ ಹತ್ತಿರ ಇರೋ ಈಚಿನ ಯಾವುದಾದರೂ ವರ್ಡ್ ಅಥವಾ ಎಕ್ಸೆಲ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಪರದೆ ತುಂಬ ಅರ್ಥವಾಗದ ಚಿಹ್ನೆಗಳು. ಆದರೆ ಮೊದಲ ಎರಡು ಅಕ್ಷರ ಮಾತ್ರ ಸ್ಪಷ್ಟ: ಇಂಗ್ಲಿಷಿನ ಪಿ ಮತ್ತು ಕೆ. ಆಂಡ್ರಾಯ್ಡ್ ಆ್ಯಪ್ ಫೈಲ್, ಇ-ಪಬ್ ಪುಸ್ತಕ ತೆರೆದರೂ ಅದೇ ಕಾಣುತ್ತೆ. ಇದು ಆಮಿರ್ ಖಾನ್ ಸಿನಿಮಾ ಅಲ್ಲ. ಇದು ಫಿಲ್ ಕಾಟ್ಜ್ ಅನ್ನೋ ಮನುಷ್ಯನ ಇನಿಷಿಯಲ್ಸ್.

1980ರ ದಶಕದ ಅಮೆರಿಕಾಗೆ ಹೋಗೋಣ. ಆಗ ಜನ ಫೋನ್ ಲೈನ್ ಮೂಲಕ ಫೈಲ್ ಕಳಿಸ್ತಿದ್ರು. ನಿಮಿಷ ನಿಮಿಷಕ್ಕೂ ದುಡ್ಡು. ಹಾಗಾಗಿ ಫೈಲನ್ನು ಕುಗ್ಗಿಸೋ ಪ್ರೋಗ್ರಾಂಗೆ ಬಲು ಬೇಡಿಕೆ. ಥಾಮ್ ಹೆಂಡರ್ಸನ್ ಅವರ ಸಣ್ಣ ಕಂಪನಿ ‘ಆರ್ಕ್’ ಅನ್ನೋ ಪ್ರೋಗ್ರಾಂ ಮಾಡಿ, ಅದರ ಸೋರ್ಸ್ ಕೋಡನ್ನೂ ಹಂಚಿತ್ತು. ಮಿಲ್ವಾಕಿಯ ಕಾಟ್ಜ್ ಅದನ್ನೇ ಇನ್ನೂ ವೇಗವಾಗಿ ಮಾಡೋ ‘ಪಿಕೆಆರ್ಕ್’ ತಂದ. 1988ರಲ್ಲಿ ಕೇಸ್ ಬಿತ್ತು. ಹೆಂಡರ್ಸನ್ ಕೋಡ್‌ನಲ್ಲಿದ್ದ ಸ್ಪೆಲ್ಲಿಂಗ್ ತಪ್ಪುಗಳು ಕಾಟ್ಜ್ ಕೋಡ್‌ನಲ್ಲೂ ಸಿಕ್ಕಿದ್ವು. ರಾಜಿಯಾಯ್ತು. ಕಾಟ್ಜ್ ದುಡ್ಡು ಕೊಟ್ಟ, ಆರ್ಕ್‌ಗೆ ಹೊಂದುವ ಪ್ರೋಗ್ರಾಂ ಮಾರೋದನ್ನೂ ಬಿಡಬೇಕಾಯ್ತು.

ನಿಜವಾದ ಕಥೆ ಇರೋದು ಇದರ ಮುಂದೆ. 1989ರಲ್ಲಿ ಅವನು ‘ಪಿಕೆಜಿಪ್’ ತಂದ. ಪ್ರೋಗ್ರಾಂ ಜೊತೆ ಒಂದು ಸಾದಾ ಟೆಕ್ಸ್ಟ್ ಫೈಲ್ ಇತ್ತು, ಹೆಸರು ‘ಆಪ್‌ನೋಟ್’. ಜಿಪ್ ಫೈಲ್ ಒಳಗೆ ಏನೇನು, ಯಾವ ಕ್ರಮದಲ್ಲಿರುತ್ತೆ ಅಂತ ಅದರಲ್ಲಿ ಬೈಟ್ ಬೈಟ್ ಬಿಡಿಸಿ ಬರೆದಿತ್ತು. ಈ ಫಾರ್ಮ್ಯಾಟನ್ನು ಯಾರು ಬೇಕಾದರೂ ಬಳಸಬಹುದು ಅಂತ ಘೋಷಿಸಲಾಯ್ತು.

ನಾನು ಬಿ.ಕಾಂ ಓದಿದವನು. ಅದನ್ನು ಓದಿದಾಗ ನನಗೆ ನೆನಪಾಗಿದ್ದು ಲೆಡ್ಜರ್. ಜಿಪ್ ಒಳಗಿನ ಪ್ರತಿ ಫೈಲ್‌ಗೂ ಮುಂದೆ 30 ಬೈಟ್‌ಗಳ ಒಂದು ತಲೆಬರಹ. ಮೊದಲ 4 ಬೈಟ್ ಗುರುತು, ‘ಪಿಕೆ’ ಇರೋದು ಇಲ್ಲೇ. ಆಮೇಲೆ ಕುಗ್ಗಿಸಿದ ವಿಧಾನ, ಸಮಯ, ತಾರೀಖು, ಕುಗ್ಗಿದ ಗಾತ್ರ, ಮೂಲ ಗಾತ್ರ. ಜೊತೆಗೆ ಸಿಆರ್‌ಸಿ ಅನ್ನೋ ಒಂದು ಸಂಖ್ಯೆ. ಬಿಚ್ಚಿದ ಮೇಲೆ ಅದು ತಾಳೆಯಾಗದಿದ್ದರೆ ಫೈಲ್ ಕೆಟ್ಟಿದೆ ಅಂತ ಅರ್ಥ, ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದ ಹಾಗೆ. ಕೊನೆಯಲ್ಲಿ ಎಲ್ಲದರ ಸೂಚಿ.

ಇಷ್ಟು ಬರೆದಿಟ್ಟಿದ್ದರಿಂದ ಏನಾಯ್ತು? 1990ರಲ್ಲೇ ‘ಇನ್ಫೋ-ಜಿಪ್’ ಅನ್ನೋ ಸ್ವಯಂಸೇವಕರ ಗುಂಪು ಬೇರೆ ಬೇರೆ ಕಂಪ್ಯೂಟರ್‌ಗಳಿಗೆ ಉಚಿತ ಪ್ರೋಗ್ರಾಂ ಬರೆಯೋಕೆ ಶುರು ಮಾಡ್ತು. ಮುಂದೆ ಜಾವಾ, ಆಂಡ್ರಾಯ್ಡ್, 2007ರ ಮೈಕ್ರೋಸಾಫ್ಟ್ ಆಫೀಸ್, ಎಲ್ಲವೂ ಇದೇ ಪೆಟ್ಟಿಗೆಯನ್ನು ಎತ್ತಿಕೊಂಡವು. ಹಳೆಯ ವರ್ಡ್‌ನ ಡಾಕ್ ಫೈಲ್‌ನದು ಬೇರೆ ಕಥೆ. ಅದರ ಪೂರ್ತಿ ವಿವರ ಎಲ್ಲರ ಕೈಗೆ ಸಿಕ್ಕಿದ್ದು 2008ರಲ್ಲಿ. ಅಲ್ಲಿವರೆಗೆ ಹೊರಗಿನವರು ಬಹುಪಾಲು ಊಹೆ ಮಾಡ್ಕೊಂಡೇ ಅದನ್ನು ತೆರೀತಿದ್ರು. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ 2002ರಲ್ಲಿ ‘ಪ್ರೊನೊಮ್’ ಅನ್ನೋ ಫಾರ್ಮ್ಯಾಟ್ ದಾಖಲೆ ಶುರು ಮಾಡಿದ್ದೂ ಇದೇ ಭಯಕ್ಕೆ: ಕಾಗದ ಉಳಿದರೆ ಓದಬಹುದು, ಫೈಲ್ ಉಳಿದರೂ ಓದೋಕೆ ಬರಲಿಕ್ಕಿಲ್ಲ.

ಕಾಟ್ಜ್ 2000ದ ಏಪ್ರಿಲ್‌ನಲ್ಲಿ ತೀರಿಕೊಂಡ. ವಯಸ್ಸು ಬರೀ 37. ಕುಡಿತ ಅವನನ್ನು ತಿಂದುಹಾಕಿತ್ತು. ಅವನು ಒಳ್ಳೆಯವನೋ ಕೆಟ್ಟವನೋ, ಹೆಂಡರ್ಸನ್‌ಗೆ ಅನ್ಯಾಯವಾಯ್ತೋ ಇಲ್ಲವೋ, ನೀವೇ ತೀರ್ಮಾನಿಸಿ. ಆದರೆ ಅವನು ಹೋದ ಮೇಲೂ ಅವನ ಫೈಲ್‌ಗಳು ತೆರೆದುಕೊಳ್ತಿವೆ. ಕಾರಣ ಆ ಟೆಕ್ಸ್ಟ್ ಫೈಲ್.

ಇದು ನನಗೆ ಯಾಕೆ ಇಷ್ಟು ತಟ್ಟುತ್ತೆ ಅಂದ್ರೆ, ನಮ್ಮ ತಾತ 90ರ ದಶಕದಲ್ಲಿ ಒಂದು ಕನ್ನಡ ತಂತ್ರಾಂಶದಲ್ಲಿ ನಮ್ಮೂರಿನ ಕಥೆ ಟೈಪ್ ಮಾಡಿಟ್ಟಿದ್ರು. ಫೈಲ್ ಪೆನ್‌ಡ್ರೈವ್‌ನಲ್ಲಿ ಭದ್ರವಾಗಿದೆ, ಒಂದು ಬೈಟೂ ಕಳೆದಿಲ್ಲ. ಆದರೆ ತೆರೆದರೆ ಬರೋದು ಇಂಗ್ಲಿಷ್ ಅಕ್ಷರ, ಡಾಲರ್ ಚಿಹ್ನೆ, ಕೊಂಬು ಬಾಲಗಳು. ಯೂನಿಕೋಡ್‌ಗೂ ಮುಂಚಿನ ಕಾಲ, ಒಂದೊಂದು ಫಾಂಟ್‌ಗೂ ಒಂದೊಂದು ಲೆಕ್ಕ. ಯಾವ ಸಂಖ್ಯೆ ಯಾವ ಅಕ್ಷರ ಅಂತ ಬರೆದಿಟ್ಟ ಕಾಗದ ನನಗಂತೂ ಎಲ್ಲೂ ಸಿಕ್ಕಿಲ್ಲ.

ಆ ಬರಹದ ಮೂರು ಪುಟದ ಪ್ರಿಂಟ್‌ಔಟ್ ಮಾತ್ರ ಅಜ್ಜಿಯ ಟ್ರಂಕಿನಲ್ಲಿ ಸಿಕ್ತು. ಅದನ್ನು ಪಕ್ಕದಲ್ಲಿಟ್ಟುಕೊಂಡು, ಈ ಚಿಹ್ನೆ ಅಂದ್ರೆ ‘ಕ’, ಈ ಚಿಹ್ನೆ ಅಂದ್ರೆ ಏತ್ವ ಅಂತ ಎಕ್ಸೆಲ್‌ನಲ್ಲಿ ಪಟ್ಟಿ ಮಾಡ್ತಾ ಇದ್ದೀನಿ. ಒತ್ತಕ್ಷರಗಳು ಇನ್ನೂ ಬಾಕಿ. ಮುಗಿದ ಮೇಲೆ ಪಟ್ಟಿಯನ್ನು ಎಲ್ಲರಿಗೂ ಸಿಗೋ ಹಾಗೆ ಹಾಕ್ತೀನಿ.

ನಿಮ್ಮ ಮನೆಯಲ್ಲೂ ಇಂಥ ಫೈಲ್ ಇದ್ದರೆ, ಯಾವ ತಂತ್ರಾಂಶ, ಯಾವ ಫಾಂಟ್ ಅಂತ ಇವತ್ತೇ ಒಂದು ಚೀಟಿಯಲ್ಲಿ ಬರೆದಿಡಿ. ಟೈಪ್ ಮಾಡಿದವರು ಇನ್ನೂ ಇದ್ದರೆ, ಅವರನ್ನೇ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.